ಮೈ ತುಂಬಿಕೊಂಡ ಕೂಸು

ಒಂಟಿಕೊಪ್ಪಲ್‌ನ ಆ ಓಣಿಯಲ್ಲಿ ಕೆಂಚಮ್ಮನ ಮೊಮ್ಮಗಳು ಲಾಸ್ಯಳಷ್ಟು ದುಂಡಗಿನ ಕೂಸು ಇನ್ನೊಂದಿರಲಿಲ್ಲ. ಕೆನ್ನೆ ಉಬ್ಬಿತ್ತು, ಪಾದ ಬನ್ನಿನಂತಿತ್ತು. ಬೆಳಿಗ್ಗೆ ಜಗಲಿಯ ಮೇಲೆ ಕೂರಿಸಿಕೊಂಡು ಕೆಂಚಮ್ಮ ಗಂಜಿ ಕುಡಿಸುತ್ತಿದ್ದಳು. ಅಕ್ಕಿ, ನೀರು, ಉಪ್ಪು. ಅಷ್ಟೇ.

ಬಡತನವಿರಲಿಲ್ಲ. ಮಗ ಚೆಲುವರಾಜು ಆಟೋ ಓಡಿಸುತ್ತಿದ್ದ. ಪಕ್ಕದ ಗೋಕುಲಂ ಬಡಾವಣೆಗೆ ಯೋಗ ಕಲಿಯಲು ಬರುವ ವಿದೇಶಿಯರು ಅವನ ಗಿರಾಕಿಗಳು. ಮನೆಯಲ್ಲಿ ಹಾಲು, ಬೇಳೆ, ಮೊಟ್ಟೆ ಇದ್ದವು. ದೊಡ್ಡವರು ತಿನ್ನುತ್ತಿದ್ದರು. ಸೊಸೆ ಗಗನ ಮತ್ತೆ ಬಸುರಿಯೆಂದು ತಿಳಿದ ದಿನವೇ ಕೆಂಚಮ್ಮ ಲಾಸ್ಯಳಿಗೆ ಮೊಲೆ ಬಿಡಿಸಿದ್ದಳು. ಬಸುರಿಯ ಹಾಲು ಕೂಸಿಗೆ ವಿಷ. ಮೊಲೆ ಬಿಟ್ಟ ಕೂಸಿಗೆ ಬೇಳೆ, ಮೊಟ್ಟೆ ಅರಗುವುದಿಲ್ಲ. ತಮ್ಮನೋ ತಂಗಿಯೋ ಹುಟ್ಟುವವರೆಗೆ ಗಂಜಿಯೇ ಕ್ಷೇಮ. ಅವರ ಮನೆಯಲ್ಲಿ ಹಾಗೆಯೇ ನಡೆದುಬಂದಿತ್ತು. ಇನ್ನೊಂದು ಕಟ್ಟಳೆಯೂ ಇತ್ತು: ಕೂಸನ್ನು ತಕ್ಕಡಿಯಲ್ಲಿ ತೂಗಬಾರದು, ತೂಗಿದರೆ ದೃಷ್ಟಿಯಾಗುತ್ತದೆ.

ಒಂದು ದಿನ ಅಂಗನವಾಡಿ ಟೀಚರ್ ಮಂಗಳಮ್ಮ ಜಗಲಿಗೇ ಬಂದರು.

"ಮಕ್ಕಳ ತೂಕ ನೋಡ್ತಾ ಇದ್ದೀವಿ ಕೆಂಚಮ್ಮ. ಲಾಸ್ಯನ್ನ ಕಳ್ಸಿ."

"ಕೋಳಿ ತೂಗ್ದಂಗೆ ನನ್ ಮೊಮ್ಮಗಳ್ನ ತೂಗ್ತೀಯೇನಮ್ಮ? ನೋಡು, ಎಂಗೆ ಮೈ ತುಂಬ್ಕೊಂಡವ್ಳೆ. ನಿನ್ ಕಣ್ಣೇ ಸಾಕು, ತಕ್ಕಡಿ ಬ್ಯಾಡ."

ಮಂಗಳಮ್ಮ ಕೂಸಿನ ಪಾದದ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದರು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ಲಾಸ್ಯ ಅಳಲಿಲ್ಲ. ಅವಳು ಅಳುವುದನ್ನೇ ಬಿಟ್ಟಿದ್ದಳು.

"ಇದು ಮೈ ಅಲ್ಲ, ನೀರು. ಸರಿಯಾದ ಊಟ ಇಲ್ದೆ ಊದ್ಕೊಂಡಿದೆ. ಇವತ್ತೇ ಆಸ್ಪತ್ರೆಗೆ ಸೇರಿಸ್ಬೇಕು."

"ಊಟ ಇಲ್ವಾ? ಒತ್ತೊತ್ತಿಗೂ ಗಂಜಿ ಕುಡಿಸ್ತೀನಿ!"

"ಗಂಜೀಲಿ ಏನಿದೆ ಹೇಳಿ. ಹೊಟ್ಟೆ ತುಂಬುತ್ತೆ, ಮೈಗೆ ಹತ್ತಲ್ಲ."

"ನಾನು ಐದು ಮಕ್ಳು ಎತ್ತೋಳು ಕಣಮ್ಮ. ಪುಸ್ತಕ ಓದ್ಬುಟ್ಟು ನಂಗೆ ಏಳ್ಕೊಡಾಕ್ ಬಂದ್ಬುಟ್ಯಾ?"

"ಐದರಲ್ಲಿ ಉಳಿದೋರೆಷ್ಟು?"

ಕೆಂಚಮ್ಮ ಕೂಸನ್ನೆತ್ತಿಕೊಂಡು ಒಳಗೆ ಹೋದಳು. ಉಳಿದವನು ಚೆಲುವರಾಜು ಒಬ್ಬನೇ.

ಮರುದಿನ ಅತ್ತೆ ಅಂಗಡಿಗೆ ಹೋದಾಗ ಗಗನ ಕೂಸನ್ನೆತ್ತಿಕೊಂಡು ಅಂಗನವಾಡಿಗೆ ಓಡಿ, ತೂಕದ ಜೋಲಿಯಲ್ಲಿ ಕೂರಿಸಿದಳು. ಮಂಗಳಮ್ಮ ಮುಳ್ಳು ನೋಡಿ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಚೆಲುವರಾಜು ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ.

"ಅವ್ವ ಬ್ಯಾಡ ಅಂತಾವ್ಳೆ. ಹುಣ್ಣಿಮೆ ದಿನ ತಾಯತ ಕಟ್ಟಿಸ್ಬುಟ್ಟು ಆಮೇಲ್ ನೋಡನ, ಬುಡು."

ಗಗನ ಸುಮ್ಮನಾದಳು.

ಹುಣ್ಣಿಮೆಗೆ ಮೊದಲೇ ಭೇದಿ ಶುರುವಾಯಿತು. ಆಸ್ಪತ್ರೆಯ ದಾರಿಯಲ್ಲಿ, ಅಪ್ಪನ ಆಟೋದಲ್ಲೇ ಲಾಸ್ಯ ಸತ್ತಳು.

"ತೂಗ್ಬುಟ್ರು, ಕೂಸು ಓಯ್ತು" ಎಂದು ಕೆಂಚಮ್ಮ ಬಂದವರಿಗೆಲ್ಲ ಹೇಳಿದಳು. ಓಣಿ ನಂಬಿತು. ಮುಂದಿನ ತಿಂಗಳು ತೂಕದ ದಿನ ಹೆಂಗಸರು ಅಂಗನವಾಡಿಗೆ ಪೌಷ್ಟಿಕ ಹಿಟ್ಟಿನ ಪೊಟ್ಟಣ ಇಸಿದುಕೊಳ್ಳಲು ಬಂದರು. ಮಕ್ಕಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತರು. ಮಂಗಳಮ್ಮ ಕರೆದರೂ ಯಾರೂ ಕೂಸನ್ನು ತೂಗಲು ಕೊಡಲಿಲ್ಲ.

ಆಗ ಗಗನ ಬಂದಳು. ಹೊಟ್ಟೆ ಕಾಣುತ್ತಿತ್ತು. ಹಿಂದೆಯೇ ಕೆಂಚಮ್ಮ.

"ಬಾರೇ ಮನ್ಗೆ! ಬಸುರಿ ಎಂಗ್ಸು, ಆ ತಕ್ಕಡಿ ಅತ್ರ ನಿಲ್ಬ್ಯಾಡ!"

"ಬರಲ್ಲ ಅತ್ತೆ."

ಗಗನ ಹೆಂಗಸರ ಕಡೆ ತಿರುಗಿದಳು. ಅವಳ ಧ್ವನಿಯಲ್ಲಿ ಅಳುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರಲಿಲ್ಲ ಎಂದು ಹೇಳುವ ಹಾಗೆ ಹೇಳಿದಳು.

"ನನ್ ಮಗಳು ತೂಗಿದ್ದಕ್ಕೆ ಸಾಯ್ಲಿಲ್ಲ. ಮನೇಲಿ ಬೇಳೆ ಇತ್ತು, ಮೊಟ್ಟೆ ಇತ್ತು. ನಾವು ಕೊಡ್ಲಿಲ್ಲ. ಅತ್ತೆ ಬೇಡ ಅಂದ್ರು, ನಾನು ಸುಮ್ನಿದ್ದೆ. ಇನ್ಮೇಲೆ ಇರಲ್ಲ. ಹೊಟ್ಟೇಲಿರೋದು ಹುಟ್ಟಿದ್ಮೇಲೆ ತಿಂಗ್ಳು ತಿಂಗ್ಳೂ ತಂದು ತೂಗಿಸ್ತೀನಿ." ತೂಕದ ಜೋಲಿಯನ್ನು ಕೈಗೆತ್ತಿಕೊಂಡು ಕೇಳಿದಳು, "ಯಾರ ಕೂಸು ಮೊದಲು?"

ಕೆಂಚಮ್ಮ ಬೈಯುತ್ತಲೇ ಇದ್ದಳು. ಮುಂದೆ ನಿಂತಿದ್ದ ಪಕ್ಕದ ಮನೆಯ ಬಸಮ್ಮ ಸೆರಗು ಸರಿಸಿ ಮೊಮ್ಮಗನನ್ನು ಗಗನಳ ಕೈಗೆ ಕೊಟ್ಟಳು.