ಗೆರೆಯ ಆಚೆಯ ಗ್ಯಾಸು

ಕೆನಡಾದ ಮರಳಿನಿಂದ ತೆಗೆಯುವ ಬಿಟುಮೆನ್ ನಮ್ಮ ರಸ್ತೆಯ ಡಾಂಬರಿಗೆ ಖಾಸಾ ಅಣ್ಣ. ಅದನ್ನು ಹರಿಯುವ ಎಣ್ಣೆ ಮಾಡಲು ಸಿಕ್ಕಾಪಟ್ಟೆ ನೈಸರ್ಗಿಕ ಅನಿಲ ಬೇಕು. ಅರ್ಧ ಗ್ಯಾಸಿನಲ್ಲೇ ಮಾಡಿ ತೋರಿಸುತ್ತೇವೆಂದು ಹೊರಟಿತ್ತು, ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನ ಒಂದು ಸಣ್ಣ ಕಂಪನಿ. ಅಲ್ಲಿ ಲೆಕ್ಕವೆಲ್ಲ ಧಾರವಾಡದ ಮಧುರಾಳದು. ಮೆಲ್ಬರ್ನಿನಲ್ಲಿ ಪ್ರಯೋಗದ ಪ್ಲಾಂಟ್ ನಡೆಸುವವನು ಮೈಸೂರಿನ ಗೋಪೀನಾಥ.

ಇಂಥ ಲೆಕ್ಕದಲ್ಲಿ ಮೊದಲು ಪ್ಲಾಂಟಿನ ಸುತ್ತ ಒಂದು ಗೆರೆ ಎಳೆಯುತ್ತಾರೆ. ಒಳಗೆ ಖರ್ಚಾದ ಗ್ಯಾಸಷ್ಟೇ ಲೆಕ್ಕಕ್ಕೆ. ಮಧುರಾ ಮಹಾ ಜಾಣೆ, ಬಿಟುಮೆನ್ನನ್ನು ತೆಳುವಾಗಿಸಲು ಟ್ಯಾಂಕರಿನಲ್ಲಿ ಬರುವ ಹೈಡ್ರೋಜನ್ನನ್ನು ಗೆರೆಯ ಆಚೆ ಬಿಟ್ಟಳು. ಆ ಹೈಡ್ರೋಜನ್ ತಯಾರಾಗುವುದೇ ನೈಸರ್ಗಿಕ ಅನಿಲದಿಂದ.

ಗೋಪೀನಾಥ ಫೋನಿನಲ್ಲಿ ಎಚ್ಚರಿಸಿದ್ದ. "ಮಧುರಾ ಅವ್ರೇ, ಅದನ್ನೂ ಸೇರಿಸಿದ್ರೆ ಉಳಿತಾಯ ಏನೂ ಇರಲ್ಲ."

"ಪ್ಲಾಂಟ್ ನೀವು ನೋಡ್ಕೋರಿ, ಲೆಕ್ಕ ನಾ ನೋಡ್ಕೋತೀನಿ," ಅಂದಿದ್ದಳು.

ಮೆಲ್ಬರ್ನಿನ ಸಭೆಯಲ್ಲಿ, ಈ ವಿಧಾನ ಕೊಳ್ಳಲು ಬಂದಿದ್ದ ಕೆನಡಾದವರು ಕೇಳಿಯೇಬಿಟ್ಟರು, ಹೈಡ್ರೋಜನ್ ಎಲ್ಲಿಂದ ಬರುತ್ತದೆ? ಬಾಸ್ ಚಂದ್ರಶೇಖರ್ ಮಧುರಾಳ ಕಡೆ ನೋಡಿದರು. ಪ್ಲಾಂಟಿನವರು ತನಗೆ ಆ ಮಾಹಿತಿ ಕೊಟ್ಟಿರಲಿಲ್ಲ ಎಂದುಬಿಟ್ಟಳು. ಹೇಳಿದ ಕೂಡಲೇ ಅವಳಿಗೆ ನಾಚಿಕೆಯಾಯಿತು. ಹೊರಗಿನವರ ಮುಂದೆ ಜಗಳ ಬೇಡವೆಂದು ಗೋಪೀನಾಥ ಸುಮ್ಮನೆ ಕೂತ.

ಅವರು ಹೋದ ಮೇಲೆ ಚಂದ್ರಶೇಖರ್ ಗುಡುಗಿದರು. "ಗೋಪೀನಾಥ್, ಈ ದೇಶದಲ್ಲೇ ನೆಲೆಸೋಕೆ ನಿಮ್ಮ ಪಿಆರ್‌ಗೆ ಸ್ಪಾನ್ಸರ್ ಮಾಡೋದು ಇನ್ನು ಮರೆತುಬಿಡಿ."

ಗೋಪೀನಾಥ ಒಮ್ಮೆ ಮಧುರಾಳ ಕಡೆ ನೋಡಿದ. ಅವಳು ಲ್ಯಾಪ್‌ಟಾಪಿನ ವೈರು ಸುತ್ತುತ್ತಿದ್ದಳು. ಸುತ್ತಲು ಅಷ್ಟುದ್ದ ವೈರೇನೂ ಇರಲಿಲ್ಲ.

ಸಿಡ್ನಿಗೆ ಹೊರಟ ಅವಳನ್ನು ಏರ್‌ಪೋರ್ಟಿಗೆ ಬಿಡಲು ಬಂದವನೂ ಅವನೇ. ಬೆಳಿಗ್ಗೆ ಒಪ್ಪಿಕೊಂಡಿದ್ದ, ಮಾತು ತಪ್ಪಲಿಲ್ಲ. ದಾರಿಯುದ್ದಕ್ಕೂ ಅವನು ಒಂದೆರಡು ಬೈದರೆ ಸಾಕೆಂದು ಅವಳು ಕಾದಳು. ಪುಣ್ಯಾತ್ಮ ಬೈಯಲೇ ಇಲ್ಲ. ಅವಳ ಬ್ಯಾಗು ಇಳಿಸಿಕೊಡುತ್ತಾ ಅಂದ:

"ನನ್ನ ಹೆಂಡ್ತಿ ಅನಸೂಯಾಗೆ ಇದೇನೂ ಹೇಳಲ್ಲ ನಾನು. ಅಕ್ಕ, ಅಕ್ಕ ಅಂತ ವಾರವಾರ ನಿಮ್ಮ ಫೋನಿಗೆ ಕಾಯ್ತಿರ್ತಾಳೆ. ಈ ದೇಶದಲ್ಲಿ ಅವಳಿಗೆ ಇನ್ಯಾರಿದಾರೆ?"

ಮಧುರಾಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಲ್ಲೇ ನಿಂತು ಚಂದ್ರಶೇಖರರಿಗೆ ಫೋನ್ ಮಾಡಿದಳು.

"ಸರ್, ಗೋಪೀನಾಥ್ ನನಗ ಮೊದಲೇ ಹೇಳಿದ್ರು. ನಾನೇ ಬೇಕಂತ ಬಿಟ್ಟೆ. ಇವತ್ತು ಎಲ್ಲಾರ ಮುಂದ ಸುಳ್ಳೂ ಹೇಳೀನಿ."

ಅವಳು ಅಳುತ್ತಿದ್ದಳು. ಅದು ತನಗೆ ಕಾಣಬಾರದೆಂದು ಗೋಪೀನಾಥ ಕಾರಿನ ಆಚೆ ಹೋಗಿ, ಮುಖ ತಿರುಗಿಸಿ ನಿಂತ. ಚಂದ್ರಶೇಖರ್ ಏನೇ ಅನ್ನಲಿ, ಕೇಳಿಸಿಕೊಳ್ಳುವ ಧೈರ್ಯ ಅವಳಿಗಿತ್ತು. ಗೋಪೀನಾಥ ತೋರಿಸಿದ ಆ ಮರ್ಯಾದೆಯನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.