ಮೂರು ಕಪ್‌ಗಳ ಪರೀಕ್ಷೆ

ಯುಗಾದಿಗೆ ಪಾಠ ನಿಲ್ಲಿಸಿಬಿಡುವುದೆಂದು ಗಿರಿಜಾಂಬಾ ತೀರ್ಮಾನಿಸಿದ್ದು 2003ರ ಜನವರಿಯಲ್ಲಿ. ಮೂಡಿಗೆರೆಯ ತಮ್ಮ ಮನೆಯಲ್ಲೇ ಮೂವತ್ತೆಂಟು ವರ್ಷ ಕರ್ನಾಟಕ ಸಂಗೀತ ಕಲಿಸಿದವರು ಅವರು. ಆಗ ಉಳಿದಿದ್ದ ಶಿಷ್ಯೆ ಒಬ್ಬಳೇ, ಪಿಯುಸಿ ಓದುತ್ತಿದ್ದ ಗಾನಶ್ರೀ. ಅವಳನ್ನು ಚಿಕ್ಕಮಗಳೂರಿನ ವಿದ್ವಾಂಸರೊಬ್ಬರಿಗೆ ಒಪ್ಪಿಸುವ ಮಾತೂ ಆಗಿತ್ತು.

ಕಾರಣ ಕಿವಿ. ಮಾತು ಕೇಳುತ್ತಿತ್ತು, ಹಾಡೂ ಕೇಳುತ್ತಿತ್ತು. ಹಾಡಿದ ಸ್ವರ ಸರಿಯಾದ ಜಾಗದಲ್ಲಿ ನಿಂತಿದೆಯೇ ಎನ್ನುವುದು ಮಾತ್ರ ಖಚಿತವಾಗುತ್ತಿರಲಿಲ್ಲ. ಮಂಗಳೂರಿನಲ್ಲಿ ಪರೀಕ್ಷೆ ಮಾಡಿಸಿ ತಂದ ಶ್ರವಣ ಯಂತ್ರ ಮಾತಿಗೆ ಅನುಕೂಲವಾಯಿತು. ತಂಬೂರಿ ಮೀಟಿದರೆ ಜೀರುಂಡೆ ಕೂಗಿದಂತೆ ಕೇಳಿಸುತ್ತಿತ್ತು. ಖಚಿತವಿಲ್ಲದೆ ತಿದ್ದುವುದು ಗಿರಿಜಾಂಬಾ ಅವರಿಗೆ ಒಗ್ಗದ ಕೆಲಸ. ಅದಕ್ಕಿಂತ ಪಾಠ ನಿಲ್ಲಿಸುವುದೇ ಮರ್ಯಾದೆ ಎಂದುಕೊಂಡಿದ್ದರು.

ಇದನ್ನು ಒಪ್ಪದವಳು ಅವರ ತಂಗಿಯ ಮಗಳು ರುದ್ರಾಣಿ. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಕಾಫಿಯ ರುಚಿ ನೋಡಿ ದರ್ಜೆ ಹೇಳುವ ಕೆಲಸ ಅವಳದು. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ದೊಡ್ಡಮ್ಮನಿಗೆ ಕಳೆದುಕೊಂಡದ್ದರಲ್ಲಿ ಸ್ವಲ್ಪವಾದರೂ ಸಿಗಬಹುದು ಎಂದು ಅವಳಿಗೆ ತೋರಿತ್ತು. ಯಾವ ಹೆಡ್‌ಫೋನ್, ಅದಕ್ಕೆ ಯಾವ ಆಂಪ್ಲಿಫೈಯರ್ ಎಂದು ಕೇಳಲು ಆ ಸೀಮೆಯಲ್ಲಿದ್ದವರು ಒಬ್ಬರೇ, ಗೋಣಿಬೀಡಿನ ಪ್ಲಾಂಟರ್ ಬೆಳ್ಳಿಯಪ್ಪ. ಅವರ ಎಸ್ಟೇಟಿನ ಕಾಫಿಯನ್ನು ರುದ್ರಾಣಿ ಏಳೆಂಟು ವರ್ಷಗಳಿಂದ ರುಚಿ ನೋಡುತ್ತಿದ್ದಳು. ಅವರ ಮನೆಯ ಸ್ಟೀರಿಯೊ ಬಗ್ಗೆಯೂ ಅಷ್ಟೇ ವರ್ಷಗಳಿಂದ ಕೇಳುತ್ತ ಬಂದಿದ್ದಳು.

ಫೆಬ್ರುವರಿಯ ಒಂದು ಭಾನುವಾರ ದೊಡ್ಡಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದಳು.

ಬೆಳ್ಳಿಯಪ್ಪ ಆಳೆತ್ತರದ ಸ್ಪೀಕರುಗಳ ಎದುರಿನ ಕುರ್ಚಿಯನ್ನು ಎರಡು ಸಲ ಸರಿಸಿ ಕೊಟ್ಟರು. "ಅಮ್ಮ, ಇಲ್ಲಿ ಕೂತ್ಕೊಳಿ, ಸರಿಯಾಗಿ ನಡುವಿಗೆ. ಆ ಕಡೆ ಈ ಕಡೆ ಅಲ್ಲಾಡ್ಬಾರ್ದು."

"ಫೋಟೋ ತೆಗೀತೀರಾ ಬೆಳ್ಳಿಯಪ್ಪನೋರೆ?" ಎಂದು ಗಿರಿಜಾಂಬಾ ಕುಳಿತರು.

ಪಿಟೀಲಿನ ಸಿ.ಡಿ. ಹಾಕಿದರು. ಗಿರಿಜಾಂಬಾ ಕಣ್ಣು ಮುಚ್ಚಿ ಕೇಳಿದರು. ಸ್ವಲ್ಪ ಹೊತ್ತಿನ ಮೇಲೆ, "ಚೆನ್ನಾಗಿದೆ. ಆದ್ರೆ ತಾಳ ಹಾಕ್ತಿರೋದು ಯಾರು? ಪಿಟೀಲಿಗೂ ಅದಕ್ಕೂ ಸಂಬಂಧನೇ ಇಲ್ವಲ್ಲ," ಅಂದರು.

ಬೆಳ್ಳಿಯಪ್ಪ ಸ್ಪೀಕರಿಗೆ ಕಿವಿ ಹಚ್ಚಿದರು. ಟಿಕ್, ಟಿಕ್ ಎಂದು ಸಣ್ಣ ಸದ್ದು ಬರುತ್ತಿತ್ತು. ತೋಟದ ಸುತ್ತ ಹಾಕಿದ್ದ ಸೋಲಾರ್ ಬೇಲಿಯ ಯಂತ್ರ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ತಂತಿಗೆ ವಿದ್ಯುತ್ ಬಿಡುತ್ತದೆ. ಆ ಹೊಡೆತ ಹೇಗೋ ಆಂಪ್ಲಿಫೈಯರಿಗೂ ಸೇರುತ್ತಿತ್ತು. ಕೇಳಿ ಕೇಳಿ ಅಭ್ಯಾಸವಾಗಿ ಅವರಿಗೆ ಅದು ಕೇಳಿಸುವುದೇ ನಿಂತುಹೋಗಿತ್ತು.

"ಅದು ಆನೆ ಬೇಲಿ ಅಮ್ಮ."

"ಹಾಗಾದ್ರೆ ಆನೆಗೇ ಹಾಡು ಹೇಳ್ಕೊಡಿ, ತಾಳ ತಯಾರಿದೆ."

ಬೆಳ್ಳಿಯಪ್ಪನೇ ಎಲ್ಲರಿಗಿಂತ ಜೋರಾಗಿ ನಕ್ಕರು. ಬೇಲಿಯ ಸ್ವಿಚ್ ಆರಿಸಲು ತೋಟದ ಲೆಕ್ಕ ನೋಡುವ ರೈಟರಿಗೆ ಹೇಳಿ ಕಳಿಸಿದರು.

ಸ್ಪೀಕರ್ ಬೇಡವೆಂದು ಬೇಗನೆ ನಿಶ್ಚಯವಾಯಿತು. ಸ್ಪೀಕರಿನ ದನಿ ಗೋಡೆ, ನೆಲಗಳಿಗೆ ಬಡಿದು ವಾಪಸಾಗಿ ಮೂಲ ದನಿಯೊಂದಿಗೆ ಬೆರೆಯುತ್ತದೆ. ಮಂದ ಕಿವಿಗೆ ಇವೆರಡನ್ನು ಬೇರ್ಪಡಿಸುವುದೇ ಕಷ್ಟ. ಹೆಡ್‌ಫೋನಿನಲ್ಲಿ ಕೋಣೆಯ ಪಾಲು ಇಲ್ಲ. ಬೆಳ್ಳಿಯಪ್ಪ ತಮ್ಮಲ್ಲಿದ್ದ ಮೂರು ಹೆಡ್‌ಫೋನುಗಳನ್ನು ಮೇಜಿನ ಮೇಲಿಟ್ಟರು. ಒಂದಕ್ಕೆ ಮೆತ್ತನೆ ಚರ್ಮದ ದಿಂಬು, ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು. ಇನ್ನೊಂದು ವಾಕ್‌ಮನ್ ಜೊತೆ ಬರುವಂಥ ಪುಟ್ಟದು. ಮೂರನೆಯದು ಜರ್ಮನಿಯಲ್ಲಿ ಮಾಡಿದ್ದು, ಹಿಂಬದಿ ಜಾಲರಿಯಂತೆ ತೆರೆದಿತ್ತು.

ಗಾನಶ್ರೀಯ ಹಾಡಿನ ಕ್ಯಾಸೆಟ್ ತಂದಿದ್ದರು. ಚರ್ಮದ ದಿಂಬಿನದರಲ್ಲಿ ಕೇಳುತ್ತಿದ್ದಂತೆ ಗಿರಿಜಾಂಬಾ ಅವರ ಮುಖ ಅರಳಿತು. "ಎಷ್ಟು ತುಂಬಿದ ಕಂಠ ನೋಡು ಹುಡುಗೀದು. ಇದೇ ಇರ್ಲಿ."

"ನಾನು ಹೇಳಿದ್ನಲ್ಲ," ಎಂದರು ಬೆಳ್ಳಿಯಪ್ಪ. "ಇದರ ಬಾಸ್ ಅಂದ್ರೆ ಜೇನುತುಪ್ಪ."

ರುದ್ರಾಣಿ ಕ್ಯಾಸೆಟ್ ಬದಲಿಸಿದಳು. ಅದೂ ಚೆನ್ನಾಗಿದೆ ಅಂದರು. ಇನ್ನೊಂದು ಹಾಕಿದಳು. ಅದು ಇನ್ನೂ ಚೆನ್ನಾಗಿತ್ತು.

"ದೊಡ್ಡಮ್ಮ, ಎಲ್ಲ ಕಪ್ಪೂ ಚೆನ್ನಾಗಿದೆ ಅಂದ್ರೆ ನಮ್ಮ ಮ್ಯಾನೇಜರ್ರು ಮೊದಲು ನಾಲಿಗೆ ತೋರ್ಸು ಅಂತಾರೆ. ತಂಬೂರಿ ಗಾಂಧಾರ ಕೇಳಿಸ್ತಾ?"

ಗಿರಿಜಾಂಬಾ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು. "ಅದನ್ನ ಕೇಳಿ ವರ್ಷದ ಮೇಲಾಯ್ತು ಕಣೆ. ಇದರಲ್ಲೂ ಇಲ್ಲ."

ತಂಬೂರಿಯ ಮಂದ್ರ ಷಡ್ಜದ ತಂತಿ ಸರಿಯಾಗಿ ಶ್ರುತಿಗೂಡಿದ್ದರೆ, ಅದನ್ನು ಮೀಟಿದಾಗ ಯಾರೂ ಮೀಟದ ಗಾಂಧಾರವೊಂದು ಅದರಿಂದ ತಾನಾಗಿ ಹೊರಡುತ್ತದೆ. ಇದು ಹಾಡುಗಾರರ ಕಲ್ಪನೆಯಲ್ಲ. ತಂತಿಯ ಕಂಪನದಲ್ಲೇ ಅಡಗಿರುವ ಸ್ವರ. ಗಿರಿಜಾಂಬಾ ಶಿಷ್ಯರ ಗಾಂಧಾರವನ್ನು ಅಳೆಯುತ್ತಿದ್ದದ್ದು ಅದಕ್ಕೆ ಹಿಡಿದು. ಆ ಅಳತೆಗೋಲೇ ಈಗ ಕೈತಪ್ಪಿತ್ತು. ಬಾಸ್, ಎಂದರೆ ತಗ್ಗು ದನಿ, ದಪ್ಪವಾಗಿರುವ ಹೆಡ್‌ಫೋನ್ ಕಂಠಕ್ಕೆ ತುಂಬು ಕೊಡುತ್ತಿತ್ತು, ಆ ಸಣ್ಣ ಸ್ವರವನ್ನು ಮುಚ್ಚಿಹಾಕುತ್ತಿತ್ತು.

"ಚೆನ್ನಾಗಿರೋದನ್ನ ಹುಡುಕೋದು ಬೇಡ," ಎಂದಳು ರುದ್ರಾಣಿ. "ತಪ್ಪು ತೋರಿಸೋದನ್ನ ಹುಡುಕೋಣ. ಬೆಳ್ಳಿಯಪ್ಪಣ್ಣ, ಇವೆಲ್ಲಾನೂ ನಮ್ಮ ಕಪ್ಪಿಂಗ್ ರೂಮಿಗೆ ತರ್ಬೇಕು ನೀವು."

"ಕಾಫಿಗೆ ಅದ್ದಿ ನೋಡ್ತೀಯೇನು ಮಾರಾಯ್ತಿ?"

ರುಚಿ ನೋಡುವವರಿಗೆ ಒಂದು ಪರೀಕ್ಷೆಯಿದೆ. ಎದುರಿಗೆ ಮೂರು ಕಪ್ ಇಡುತ್ತಾರೆ. ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ. ಯಾವುದು ಒಳ್ಳೆಯದೆಂದು ಯಾರೂ ಕೇಳುವುದಿಲ್ಲ. ಬೇರೆಯಾದದ್ದು ಯಾವುದೆಂದಷ್ಟೇ ಹೇಳಬೇಕು. ಊಹೆಯಿಂದ ಒಮ್ಮೆ ಸರಿಯಾಗಬಹುದು, ಮತ್ತೆ ಮತ್ತೆ ಆಗುವುದಿಲ್ಲ. ರುದ್ರಾಣಿ ಇದನ್ನೇ ಕಿವಿಗೆ ಅಳವಡಿಸಿದಳು.

ಮುಂದಿನ ವಾರ ಮೂಡಿಗೆರೆಗೆ ಹೋಗಿ ಧ್ವನಿಮುದ್ರಣ ಮಾಡಿದಳು. ಗಿರಿಜಾಂಬಾ ಎಂದಿನಂತೆ ತಂಬೂರಿ ಶ್ರುತಿ ಮಾಡಿಕೊಟ್ಟು ಪಕ್ಕದ ಮನೆಗೆ ಹೋದರು, ಪರೀಕ್ಷೆಗೆ ಮೊದಲೇ ಪ್ರಶ್ನೆಪತ್ರಿಕೆ ನೋಡಬಾರದೆಂದು. ಗಾನಶ್ರೀ ಕಲ್ಯಾಣಿ ರಾಗದ ಒಂದೇ ಸಾಲನ್ನು ಎರಡು ಬಗೆಯಲ್ಲಿ ಹಾಡಿದಳು: ಒಂದು ಸಲ ತಂಬೂರಿಗೆ ಸೇರುವಂತೆ, ಇನ್ನೊಂದು ಸಲ ಗಾಂಧಾರವನ್ನು ಬೇಕೆಂದೇ ಸ್ವಲ್ಪ ಏರಿಸಿ. ಸೈಬರ್ ಕೆಫೆಯಲ್ಲಿ ಅವಳೇ ಇವುಗಳ ನಕಲು ಮಾಡಿಸಿ, ಮೂರು ಮೂರರ ಮೂರು ಗುಂಪುಗಳಾಗಿ ಸಿ.ಡಿ.ಗೆ ಹಾಕಿಸಿದಳು. ಪ್ರತಿ ಗುಂಪಿನಲ್ಲೂ ತಂಬೂರಿಗೆ ಸೇರಿದ್ದು ಎರಡು, ಏರಿಸಿದ್ದು ಒಂದು. ಯಾವುದು ಎಲ್ಲಿದೆ ಎಂದು ಗಾನಶ್ರೀಗೆ ಮಾತ್ರ ಗೊತ್ತು.

ಮಾರ್ಚ್‌ನ ಮೊದಲ ಭಾನುವಾರ ಕ್ಯೂರಿಂಗ್ ವರ್ಕ್ಸ್‌ಗೆ ರಜೆ. ಯಂತ್ರಗಳು ನಿಂತಿದ್ದವು. ಕಾಫಿಯ ರುಚಿ ನೋಡುವ ಕಪ್ಪಿಂಗ್ ರೂಮಿನ ತಿರುಗುವ ದುಂಡು ಮೇಜಿನ ಮೇಲೆ ಬೆಳ್ಳಿಯಪ್ಪ ಸಿ.ಡಿ. ಪ್ಲೇಯರ್, ಆಂಪ್ಲಿಫೈಯರ್, ಮೂರು ಹೆಡ್‌ಫೋನ್ ಜೋಡಿಸಿದರು. ಜೋರಾಗಿ ಕೇಳಿದ್ದೇ ಚೆನ್ನಾಗಿ ಕೇಳಿದಂತೆ ಅನಿಸುವುದರಿಂದ, ಯಂತ್ರಗಳ ಸದ್ದು ಅಳೆಯುವ ಮೀಟರನ್ನು ಹಿಡಿದು ಮೂರರ ದನಿಯನ್ನೂ ಒಂದೇ ಮಟ್ಟಕ್ಕೆ ತಂದರು. ಜರ್ಮನಿಯದನ್ನು ಪ್ಲೇಯರಿಗೇ ಚುಚ್ಚಿದಾಗ ದನಿ ಕೃಶವಾಗಿತ್ತು. ಅದರ ಪ್ರತಿರೋಧ ಮುನ್ನೂರು ಓಮ್. ಅದನ್ನು ನಡೆಸಲು ಪ್ಲೇಯರಿನ ಶಕ್ತಿ ಸಾಲದು. ಆಂಪ್ಲಿಫೈಯರ್ ನಡುವೆ ಬಂದ ಮೇಲೆ ನೆಟ್ಟಗಾಯಿತು.

"ಗಾನಶ್ರೀ, ನೀನು ಹೊರಗಿರು," ಎಂದಳು ರುದ್ರಾಣಿ. "ನಿನ್ನ ಮುಖ ನೋಡಿದ್ರೆ ಸಾಕು, ಉತ್ತರ ಗೊತ್ತಾಗತ್ತೆ."

ಚರ್ಮದ ದಿಂಬಿನದು ಮೊದಲು. ಗಿರಿಜಾಂಬಾ ಮೂರೂ ಗುಂಪು ಕೇಳಿ ಉತ್ತರ ಹೇಳಿದರು. ಹೇಳುವಾಗಲೇ, "ಇದು ಅಂದಾಜು. ಕೇಳಿ ಹೇಳಿದ್ದಲ್ಲ," ಎಂದು ಸೇರಿಸಿದರು. ಪುಟ್ಟದರಲ್ಲಿ ಅಂದಾಜೂ ಸಿಗಲಿಲ್ಲ.

ಮೂರನೆಯದನ್ನು ಹಾಕಿಕೊಂಡಾಗ ಮೊದಲು ಮೂಗು ಮುರಿದರು. "ಇದೇನು ಇಷ್ಟು ಬಡಕಲು?"

"ಉಪ್ಪು ಖಾರ ಏನೂ ಹಾಕಿಲ್ಲ ಅಮ್ಮ ಅದಕ್ಕೆ," ಎಂದರು ಬೆಳ್ಳಿಯಪ್ಪ.

ಆಮೇಲೆ ಅವರು ಕಣ್ಣು ಮುಚ್ಚಿ ಕೇಳಿದರು. ಒಂದು ಗುಂಪು ಮುಗಿಯಿತು. ಕೈಸನ್ನೆಯಲ್ಲೇ ಮತ್ತೊಮ್ಮೆ ಹಾಕಲು ಹೇಳಿದರು. "ಎರಡನೇದು ಬೇರೆ." ಮುಂದಿನ ಗುಂಪು. "ಮೊದಲನೇದು." ಕೊನೆಯದು. "ಇದರಲ್ಲೂ ಮೊದಲನೇದು." ದನಿಯಲ್ಲಿ ಅಂದಾಜು ಇರಲಿಲ್ಲ. ಬೆಳ್ಳಿಯಪ್ಪ ಕಿಟಕಿಯಿಂದ ಗಾನಶ್ರೀಯನ್ನು ಕೇಳಿ ಬಂದು, ಮೂರೂ ಸರಿ ಎಂದರು. ಅವರ ಮುಖದಲ್ಲಿ ತಮ್ಮ ಕಾಫಿಗೇ ಮೊದಲ ಸ್ಥಾನ ಬಂದಷ್ಟು ಸಂತೋಷವಿತ್ತು.

ಗಿರಿಜಾಂಬಾ ಮಾತ್ರ ಹೆಡ್‌ಫೋನ್ ತೆಗೆಯಲಿಲ್ಲ. "ಇನ್ನೊಂದಿದೆ. ಎಲ್ಲದರಲ್ಲೂ ಒಂದು ತಪ್ಪಿದೆ."

"ಎಲ್ಲದರಲ್ಲೂ ಬೇರೆ ಬೇರೆಯಾ, ಒಂದೇನಾ?" ರುದ್ರಾಣಿ ಕೇಳಿದಳು.

"ಒಂದೇ."

ಒಂದು ಕಪ್ಪಿನಲ್ಲಿ ದೋಷವಿದ್ದರೆ ಅದು ಬೀಜದ್ದು. ಮೇಜಿನ ಮೇಲಿನ ಎಲ್ಲ ಕಪ್ಪುಗಳಲ್ಲೂ ಅದೇ ದೋಷ ಇದ್ದರೆ ಬೀಜವನ್ನು ಬಿಟ್ಟು ನೀರನ್ನು ನೋಡಬೇಕು. ಇದು ರುದ್ರಾಣಿಗೆ ಕೆಲಸದ ಮೊದಲ ವಾರವೇ ಕಲಿಸಿದ್ದ ಪಾಠ. ಈ ಹಾಡುಗಳಿಗೆಲ್ಲ ಸಮಾನವಾಗಿದ್ದದ್ದು ತಂಬೂರಿ. ಅದನ್ನು ಶ್ರುತಿ ಮಾಡಿದವರು ಯಾರೆಂದೂ ಅವಳಿಗೆ ಗೊತ್ತಿತ್ತು.

ಹೇಳುವ ಕಷ್ಟ ಅವಳಿಗೆ ಬರಲಿಲ್ಲ. "ಮಂದ್ರದ ತಂತಿ ಇಳಿದಿದೆ," ಎಂದರು ಗಿರಿಜಾಂಬಾ. "ಕೂದಲೆಳೆಯಷ್ಟು. ಅದರ ಗಾಂಧಾರವೂ ಇಳಿದಿದೆ. ಹುಡುಗಿ ಅದಕ್ಕೆ ಸೇರಿಸಿ ಹಾಡಿದಾಳೆ, ಹಾಗಾಗಿ ಅವಳದ್ದೂ ಇಳಿದಿದೆ. ಬೇರೆ ಅಂತ ತೋರಿಸಿದ್ನಲ್ಲ, ಆ ಏರಿಸಿ ಹಾಡಿದ್ದು, ಸರಿ ಇರೋದು ಅದೊಂದೇ. ಕರಿ ಅವಳನ್ನ."

ಗಾನಶ್ರೀ ಒಳಗೆ ಬಂದಳು.

"ಶ್ರುತಿ ಸರಿ ಇರ್ಲಿಲ್ಲ. ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಟೀಚರ್."

"ಎಷ್ಟು ದಿನದಿಂದ?"

ಗಾನಶ್ರೀ ನೆಲ ನೋಡಿದಳು. "ದೀಪಾವಳಿ ಹೊತ್ತಿಂದ. ನೀವು ಕಾಫಿ ತರೋಕೆ ಒಳಗೆ ಹೋದಾಗ ನಾನೇ ತಂಬೂರಿ ತಂತಿಯ ಮಣಿ ಸರಿಸಿ ಶ್ರುತಿ ಸರಿಮಾಡ್ಕೋತಿದ್ದೆ. ರೆಕಾರ್ಡ್ ಮಾಡಿದ ದಿನ ರುದ್ರಾಣಿ ಅಕ್ಕ ಎದುರಿಗೇ ಕೂತಿದ್ರು, ಮುಟ್ಟೋಕಾಗ್ಲಿಲ್ಲ. ಅದಕ್ಕೇ ಸರಿಯಾದ್ದನ್ನ ತಪ್ಪು ಅಂತ ಹಾಡಿದೆ."

"ಅಂದ್ರೆ ಕದ್ದು ಶ್ರುತಿ ಮಾಡ್ತಿದ್ದೆ."

"ಹೂಂ."

ಬೆಳ್ಳಿಯಪ್ಪ ಒಂದು ವೈರನ್ನು ಅಗತ್ಯಕ್ಕಿಂತ ಹೆಚ್ಚು ನಿಧಾನವಾಗಿ ಸುತ್ತುತ್ತಿದ್ದರು. ಗಿರಿಜಾಂಬಾ ಹುಡುಗಿಯನ್ನು ನೋಡುತ್ತ ಕುಳಿತಿದ್ದರು. ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಯಾರ ಸಹಾಯವೂ ಇಲ್ಲದೆ ಕೂದಲೆಳೆಯ ವ್ಯತ್ಯಾಸ ಗುರುತಿಸಿ, ನಾಲ್ಕು ತಿಂಗಳು ಪ್ರತಿದಿನ ತಿದ್ದಿಕೊಂಡ ಕಿವಿ ಎಂಥದ್ದು ಎನ್ನುವುದು ಅವರಿಗೆ ಬೇರೆ ಯಾರಿಗಿಂತ ಚೆನ್ನಾಗಿ ಗೊತ್ತಿತ್ತು.

"ಕಿವಿ ಚೆನ್ನಾಗಿದೆ ನಿಂದು," ಎಂದರು. "ಬುದ್ಧಿ ಇಲ್ಲ. ಇನ್ಮೇಲೆ ಬಾಯಿ ಬಿಟ್ಟು ಹೇಳ್ಬೇಕು." ಆಮೇಲೆ ಬೆಳ್ಳಿಯಪ್ಪನತ್ತ ತಿರುಗಿ, "ಇದರಲ್ಲಿ ಏನೇನೂ ಸಿಹಿ ಇಲ್ಲ. ನನಗೆ ಇದೇ ಬೇಕು," ಅಂದರು.

ಬುಧವಾರ ಬೆಳಿಗ್ಗೆ ಬೆಳ್ಳಿಯಪ್ಪ ಜೀಪಿನಲ್ಲಿ ಮೂಡಿಗೆರೆಗೆ ಬಂದರು. ಎರಡು ಮೈಕ್ ತಂದಿದ್ದರು, ಒಂದು ತಂಬೂರಿಯ ತಂತಿ ಕೂರುವ ಕುದುರೆಯ ಬಳಿಗೆ, ಒಂದು ಹಾಡುವವಳಿಗೆ. ಎರಡೂ ಒಂದು ಸಣ್ಣ ಮಿಕ್ಸರ್‌ಗೆ, ಅಲ್ಲಿಂದ ಆಂಪ್ಲಿಫೈಯರಿಗೆ, ಅಲ್ಲಿಂದ ಗಿರಿಜಾಂಬಾ ಅವರ ಕಿವಿಗೆ. ರುದ್ರಾಣಿ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಚಿಕ್ಕಮಗಳೂರಿನ ವಿದ್ವಾಂಸರಿಗೆ ಏನು ಹೇಳಬೇಕೆಂದು ಅವಳು ಕೇಳಿದಾಗ, "ತಾಳು, ಮೊದಲು ನೋಡೋಣ," ಎಂದಿದ್ದರು ದೊಡ್ಡಮ್ಮ.

ಹೆಡ್‌ಫೋನ್ ಹಾಕಿಕೊಂಡು ಅವರು ತಂಬೂರಿ ಮೀಟಿದರು. ಬಿರಡೆ ತಿರುಗಿಸಿದರು, ಮೀಟಿದರು, ಮತ್ತೆ ಅಷ್ಟೇ ತಿರುಗಿಸಿದರು. ಮಣಿಯನ್ನು ಬೆರಳ ತುದಿಯಲ್ಲಿ ತಳ್ಳಿದರು. ತಿದ್ದುವ ಕೈ ನಿಂತಿತು. ತಂತಿ ಮಾತ್ರ ಮೊಳಗುತ್ತಿತ್ತು. ಬಹಳ ಹೊತ್ತು ಹಾಗೇ ಮೀಟುತ್ತ ಕುಳಿತರು.

"ಸರಿ ಇದೆಯಾ?" ಎಂದು ಕಡೆಗೆ ಗಾನಶ್ರೀಯನ್ನು ಕೇಳಿದರು.

ಗಾನಶ್ರೀ ತಲೆ ವಾಲಿಸಿ ಕೇಳಿದಳು. ಒಮ್ಮೆ ರುದ್ರಾಣಿಯ ಕಡೆ ನೋಡಿದಳು. "ಮಂದ್ರ ಇನ್ನೊಂಚೂರು ಏರ್ಬೇಕು ಅನ್ಸತ್ತೆ ಟೀಚರ್."

ಗಿರಿಜಾಂಬಾ ಮತ್ತೊಮ್ಮೆ ಮೀಟಿ ಕಣ್ಣು ಮುಚ್ಚಿದರು. "ಇಲ್ಲ," ಎಂದರು. "ಸರಿ ಇದೆ. ಬಾ, ನೀನೇ ಕೇಳು."

ಹೆಡ್‌ಫೋನನ್ನು ಹುಡುಗಿಯ ತಲೆಗೆ ತಾವೇ ಹಾಕಿದರು. ಗಾನಶ್ರೀ ಕೇಳುತ್ತ ನಿಂತಳು. ಹೊರಗೆ ಬಸ್ಸೊಂದು ಹಾರ್ನ್ ಮಾಡಿ ಹೋಯಿತು. ಅವಳು ಅತ್ತ ತಿರುಗಲಿಲ್ಲ.

"ನೀವು ಹೇಳಿದ್ದೇ ಸರಿ," ಎಂದಳು. "ಬರೀ ಕಿವೀಲಿ ಕೇಳ್ದಾಗ ನನಗೆ ರಸ್ತೆ ಸದ್ದೂ ಸೇರಿ ಕೇಳಿಸ್ತಿತ್ತು."

"ಹಾಗಾದ್ರೆ ಕೂತ್ಕೋ," ಎಂದು ಗಿರಿಜಾಂಬಾ ಹೆಡ್‌ಫೋನ್ ವಾಪಸು ಪಡೆದರು. "ರುದ್ರಾಣಿ, ಆ ವಿದ್ವಾಂಸರಿಗೆ ಫೋನ್ ಮಾಡು. ಹುಡುಗಿಗೆ ಇಲ್ಲಿ ಇನ್ನೂ ಪಾಠ ಮುಗಿದಿಲ್ಲ ಅಂತ ಹೇಳು."

ಗಾನಶ್ರೀ ಮೈಕಿನ ಮುಂದೆ ಕುಳಿತು ಷಡ್ಜ ಹಿಡಿದಳು.