ಮಾದರಿ ತೊಟ್ಟಿಲು

"ಏಯ್ ಹಗ್ಗಕ್ಕ! ಸಂಬಳ ಏರಿದ ಮೇಲೆ ಕಾಲಿಗೆ ಲಕ್ವ ಹೊಡೀತೇನೇ? ಎಡಗಡೆ ಸಾಲು ನಿಂತೇ ಹೋಗಿದೆ, ನೋಡು ಮುಂಡೇದೆ!"

ಅಮ್ಮಾವ್ರು ಗಾಜಿನ ಬಾಗಿಲನ್ನು ಬೆರಳಗಲ ತೆರೆದು ಪಿಸುದನಿಯಲ್ಲಿ ಬೈದರು. ಜೋರಾಗಿ ಬೈದರೆ ಮಕ್ಕಳು ಎದ್ದುಬಿಡುತ್ತವೆ. ಪಿಸುದನಿಯಲ್ಲೇ ಎದುರಿನವರ ಮೈ ಉರಿಯುವ ಹಾಗೆ ಬೈಯುವುದನ್ನು ಅವರು ಈ ಶಿಶುವಿಹಾರ ನಡೆಸುತ್ತಲೇ ಕಲಿತಿದ್ದರು.

ಹಗ್ಗಕ್ಕ ಬೆಚ್ಚಿ ಎಡಗಾಲು ಎಳೆದಳು. ಉದ್ದ ಕೋಣೆಯ ಆ ತುದಿಯವರೆಗೂ ಏಳು ತೊಟ್ಟಿಲು ಒಟ್ಟಿಗೇ ಅಲುಗಿದವು. ಬಲಗಾಲಿನ ಏಳು ಆಗಲೇ ತೂಗುತ್ತಿದ್ದವು. ಒಂದು ಸಾಲಿನ ತೊಟ್ಟಿಲುಗಳನ್ನೆಲ್ಲ ಒಂದೇ ನೂಲಿನ ಹಗ್ಗಕ್ಕೆ ಪೋಣಿಸಿ, ತುದಿಯ ಕುಣಿಕೆಯನ್ನು ಆಯಾಳ ಪಾದಕ್ಕೆ ಹಾಕುವುದು ಅಲ್ಲಿಯ ಪದ್ಧತಿ. ಕಾಲು ತೂಗುತ್ತಿದ್ದರೆ ಕೈ ಖಾಲಿ. ಖಾಲಿ ಕೈಯಲ್ಲಿ ಹಾಲಿನ ಬಾಟಲಿ ತೊಳೆಯಬಹುದು, ಒಣಗಿದ ಬಟ್ಟೆ ಮಡಚಬಹುದು. ಬಾಯೂ ಖಾಲಿ ಇರುವುದರಿಂದ ಜೋಗುಳ ಹಾಡಬೇಕು. ಅವಳ ನಿಜವಾದ ಹೆಸರನ್ನು ಕೇಳಿದವರು ಯಾರೂ ಇರಲಿಲ್ಲವಾದ್ದರಿಂದ, ಹಗ್ಗಕ್ಕ ಎನ್ನುವುದೇ ಗಟ್ಟಿಯಾಯಿತು.

ಮೊದಲು ಅವಳ ಪಾಲಿಗೆ ಒಂದೇ ಕಾಲು, ಒಂದೇ ಸಾಲು. ಇನ್ನೊಂದು ಸಾಲಿಗೆ ಇನ್ನೊಬ್ಬ ಆಯಾ ಇದ್ದಳು. ಕನಿಷ್ಠ ಕೂಲಿ ಏರಿಸಿದ್ದೇವೆ ಎಂದು ಸರ್ಕಾರ ಸಾರಿದ ವಾರವೇ ಅಮ್ಮಾವ್ರು ಆಕೆಯನ್ನು ಕರೆದು, "ಸರ್ಕಾರದವರು ನಿನ್ನ ಬೆಲೆ ಏರಿಸಿಬಿಟ್ಟರು ಕಣಮ್ಮ, ಅಷ್ಟು ಬೆಲೆಬಾಳೋರನ್ನ ಇಟ್ಕೊಳ್ಳೋ ಯೋಗ್ಯತೆ ನಂಗಿಲ್ಲ" ಎಂದು ಕೈಮುಗಿದು ಕಳಿಸಿದರು. ಆ ಸಂಜೆಯೇ ಹಗ್ಗಕ್ಕನ ಇನ್ನೊಂದು ಕಾಲಿಗೂ ಕುಣಿಕೆ ಬಿತ್ತು. ದೇವರು ಎರಡು ಕಾಲು ಕೊಟ್ಟಿರುವಾಗ ಒಂದನ್ನು ಸುಮ್ಮನೆ ಕೂರಿಸುವುದು ಅಮ್ಮಾವ್ರಿಗೆ ಮೊದಲಿಂದಲೂ ಹಿಡಿಸಿರಲಿಲ್ಲ.

ಬಲ ಸಾಲಿನ ಮೊದಲನೆಯದು ಮಾದರಿ ತೊಟ್ಟಿಲು. ಅದಕ್ಕೆ ಬಿಳಿ ಲೇಸಿನ ಪರದೆ, ಮೆತ್ತನೆಯ ಹಾಸಿಗೆ, ಸೊಳ್ಳೆಬಲೆ. ಒಳಗೆ ಕಣ್ಣು ಮುಚ್ಚಿ ತೆರೆಯುವ ಒಂದು ಪ್ಲಾಸ್ಟಿಕ್ ಗೊಂಬೆ. ತಪಾಸಣೆಗೆ ಬರುವ ಸಾಹೇಬರು ಆ ತೊಟ್ಟಿಲನ್ನು ಮುಟ್ಟಿ, ತಲೆದೂಗಿ, ಟೀ ಕುಡಿದು ಹೋಗುತ್ತಿದ್ದರು. ಉಳಿದ ಹದಿಮೂರರ ಹರಿದ ಗೋಣಿಬಟ್ಟೆಯ ಹತ್ತಿರ ಅವರು ಸುಳಿದವರಲ್ಲ. ಜೀವವಿಲ್ಲದ ಆ ಗೊಂಬೆಯನ್ನೂ ಹಗ್ಗಕ್ಕ ದಿನವಿಡೀ ತೂಗುತ್ತಿದ್ದಳು. ಅದು ಮಾತ್ರ ಒಂದು ದಿನವೂ ಅತ್ತು ರಂಪ ಮಾಡಲಿಲ್ಲ, ಆದ್ದರಿಂದ ಅಮ್ಮಾವ್ರಿಗೆ ಅದರ ಮೇಲೆ ಪ್ರೀತಿ ಹೆಚ್ಚು.

ಸಂಜೆ ತಂದೆತಾಯಿಯರು ಬಂದಾಗ ಬಾಗಿಲಲ್ಲಿ ಹೊಸ ಶುಲ್ಕದ ಚೀಟಿ ಅಂಟಿತ್ತು. ಓದಿದವರ ಮುಖ ಹುಳ್ಳಗಾಯಿತು. ಅಮ್ಮಾವ್ರು ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ನಿಂತರು.

"ನಾನೇನು ಮಾಡ್ಲಿ ಹೇಳಿ? ನಂಗೂ ನಿಮ್ಮ ಕಷ್ಟ ಗೊತ್ತು. ಆದ್ರೆ ಇವಳಿಗೆ ಸುರೀಬೇಕಲ್ಲ!" ಎಂದು ಹಗ್ಗಕ್ಕನ ಕಡೆ ಗದ್ದ ಎತ್ತಿ ತೋರಿಸಿದರು. "ಈಗ ಇವಳದೇ ಕಾಲ."

ದೊಡ್ಡ ಅಂಗಡಿಯೊಂದರಲ್ಲಿ ಬಿಲ್ಲು ಹಾಕುವ ತಾಯಿಯೊಬ್ಬಳು ಮಗನನ್ನು ಕಂಕುಳಿಗೆ ಏರಿಸಿಕೊಂಡು ನೆಟ್ಟಗೆ ಹಗ್ಗಕ್ಕನ ಮುಂದೆ ಬಂದಳು. ಇಡೀ ದಿನ ನಿಂತೇ ಇದ್ದು ಅವಳ ಕಾಲು ಬಾತಿದ್ದವು.

"ಏನೇ, ನಂಗೂ ಅದೇ ಕಾನೂನಲ್ಲೇ ಕಣೇ ಏರಿದ್ದು. ಏರಿದ್ದನ್ನ ಒಂದ್ಸಲ ಕೈಯಲ್ಲಿ ಹಿಡಿದು ನೋಡೋಕೂ ಬಿಡ್ಲಿಲ್ವಲ್ಲೇ ನೀನು! ಅಷ್ಟನ್ನೂ ನುಂಗಿದ್ಯಲ್ಲ, ನಿನ್ನ ಹೊಟ್ಟೆ ಸೇದಿಹೋಗ. ಕೂತಲ್ಲೇ ಕಾಲಾಡಿಸೋಕೆ ಇಷ್ಟೊಂದು ಸಂಬಳ!"

ನುಂಗಿದ್ದು ಏನು ಎಂದು ಹಗ್ಗಕ್ಕನಿಗೂ ತಿಳಿಯಬೇಕಿತ್ತು. ಏರಿದ್ದಕ್ಕೆ ಅಮ್ಮಾವ್ರು ಸಹಿ ಹಾಕಿಸಿಕೊಂಡಿದ್ದು ನಿಜ. ಆಮೇಲೆ ಮಧ್ಯಾಹ್ನದ ಊಟಕ್ಕೆಂದು ಹಿಡಿದರು, ಹೊಸ ಏಪ್ರನ್ನಿಗೆಂದು ಹಿಡಿದರು, ಎರಡು ಕಾಲಲ್ಲಿ ತೂಗುವ ತರಬೇತಿಗೆಂದು ಹಿಡಿದರು. ಕೊನೆಗೆ ಅವಳ ಕೈಗೆ ಬಂದದ್ದು ಹಳೆಯ ಸಂಬಳವೇ. ಅದನ್ನು ಹೇಳಲು ಬಾಯಿ ತೆರೆದಳು. ಅಮ್ಮಾವ್ರು ಕಣ್ಣು ಬಿಟ್ಟರು. ಅವಳು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು ಬಾಟಲಿ ತೊಳೆಯಲು ಹೋದಳು. ತನ್ನ ಹೇಡಿತನಕ್ಕೆ ತನಗೇ ಉಗಿದುಕೊಳ್ಳುವಷ್ಟು ಸಿಟ್ಟು ಬಂದಿತ್ತು.

ಊರ ಮಕ್ಕಳನ್ನೆಲ್ಲ ತೂಗುವ ಅವಳ ಸ್ವಂತ ಮಗಳು ಪುಟ್ಟಿ, ಇನ್ನೂ ಅಂಬೆಗಾಲಿಡುವ ಕೂಸು, ಹಗಲೆಲ್ಲ ಪಕ್ಕದ ಮನೆಯ ಅಜ್ಜಿಯ ಹತ್ತಿರ ಇರುತ್ತಿತ್ತು. ಗಂಡ ಲಾರಿಯ ಜೊತೆ ಹೋದವನು, ನೆನಪಾದಾಗ ಬರುತ್ತಿದ್ದ. ಅಜ್ಜಿಯದು ಒಂದೇ ಕೋಣೆ. ಒಂದು ಕಣ್ಣಿಗೆ ಪೊರೆ. ಕೂಲಿಗೆ ಹೋಗುವ ಹೆಂಗಸರ ನಾಲ್ಕೈದು ಕೂಸುಗಳನ್ನು ಕಾಲಿಗೊಂದು ದಾರ ಹಾಕಿ ಮಂಚದ ಕಾಲಿಗೆ ಕಟ್ಟಿ ನೋಡಿಕೊಳ್ಳುತ್ತಿದ್ದಳು. ಅಂದು ಪುಟ್ಟಿಯ ಗಂಟು ಬಿಚ್ಚುತ್ತಾ ಅಜ್ಜಿ ಗಂಟಲು ಸರಿಮಾಡಿಕೊಂಡಳು.

"ನಿಂಗೆ ಜಾಸ್ತಿ ಆಯ್ತಂತಲ್ಲವ್ವ. ನಂಗೂ ಜಾಸ್ತಿ ಮಾಡು."

"ಅಯ್ಯೋ ಅಜ್ಜಿ, ಎಲ್ಲಿಂದ ತರ್ಲಿ? ಕೊಟ್ಟಿದ್ದನ್ನೆಲ್ಲ ಆ ಬೇವರ್ಸಿ ವಾಪಸ್ ಕಿತ್ಕೊಂಡ್ಲು."

"ಅದು ನೀನುಂಟು, ಅವಳುಂಟು. ನಿಂಗೆ ಕೇಳೋಕೆ ಸರ್ಕಾರ ಇದೆ. ನಂಗೆ ನೀನೇ ಸರ್ಕಾರ," ಎಂದಳು ಅಜ್ಜಿ. ಆಮೇಲೆ ಮುಖ ಬೇರೆ ಕಡೆ ತಿರುಗಿಸಿದಳು. "ಕೊಡೋಕಾಗಲ್ಲ ಅಂದ್ರೆ ನಾಳೆಯಿಂದ ತರಬೇಡ. ಹೊಲಿಗೆ ಫ್ಯಾಕ್ಟರಿಯೋಳು ಕೊಡ್ತೀನಿ ಅಂದಿದಾಳೆ. ನಾನೂ ಔಷಧಿ ತಗೊಬೇಕಲ್ಲ ತಾಯಿ."

ಹಗ್ಗಕ್ಕನಿಗೆ ಅಜ್ಜಿಯ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಬೆಳಿಗ್ಗೆ ಪುಟ್ಟಿಯನ್ನು ಬೆನ್ನಿಗೆ ಕಟ್ಟಿಕೊಂಡು ಅಮ್ಮಾವ್ರ ಮುಂದೆ ನಿಂತಳು.

"ಇವತ್ತಿಂದ ಇವಳನ್ನ ಇಲ್ಲೇ ಮಲಗಿಸ್ಕೊಳ್ತೀನಿ ಅಮ್ಮಾವ್ರೇ. ಹದಿನಾಲ್ಕು ತೂಗೋಳಿಗೆ ಹದಿನೈದನೇದು ಭಾರ ಅಲ್ಲ."

"ಶುಲ್ಕ ಕಟ್ತೀಯಾ?"

"ನೀವು ಕೊಡೋ ಸಂಬಳದಲ್ಲಿ ನಿಮ್ಮ ಶುಲ್ಕ ಎಲ್ಲಿಂದ ಕಟ್ಲಿ?"

"ಅದೇ ಮತ್ತೆ! ಕಟ್ಟೋರ ಮಕ್ಕಳ ಪಕ್ಕ ಕಟ್ಟದೋರ ಮಗು ಮಲಗಿದ್ರೆ ಕಟ್ಟೋರಿಗೆ ಅವಮಾನ ಆಗಲ್ವಾ?"

"ಆ ಮಾದರಿ ತೊಟ್ಟಿಲು ಖಾಲೀನೇ ಇರತ್ತಲ್ಲ..."

ಅಮ್ಮಾವ್ರು ಎದೆಯ ಮೇಲೆ ಕೈಯಿಟ್ಟುಕೊಂಡರು. "ಅದರಲ್ಲಾ? ನಿನ್ನ ಮಗು ಮಲಗಿದ್ರೆ ಅದು ಬರೀ ತೊಟ್ಟಿಲಾಗಿ ಹೋಗತ್ತೆ ಕಣೇ ಕತ್ತೆ! ಇವತ್ತು ಸಾಹೇಬ್ರು ಬರ್ತಾರೆ. ಹೊಸ ಕೂಲಿ ಮೊದಲು ಜಾರಿ ಮಾಡಿದ್ದು ನಾವೇ ಅಂತ ಸನ್ಮಾನ ಇದೆ. ಆ ಕೂಸನ್ನ ಎಲ್ಲಾದ್ರೂ ಬಿಸಾಕಿ ಬಾ, ಹೋಗು."

ಬಿಸಾಕುವ ಜಾಗ ಯಾವುದೂ ಗೊತ್ತಿರಲಿಲ್ಲ. ಹಾಸಿಗೆ ಬಟ್ಟೆಗಳ ಚಿಕ್ಕ ಕೋಣೆಯಲ್ಲಿ, ಚಾದರಗಳ ರಾಶಿಯ ಮೇಲೆ ಪುಟ್ಟಿಯನ್ನು ಮಲಗಿಸಿ, ಕೈಗೊಂದು ಬಿಸ್ಕತ್ತು ಕೊಟ್ಟು ಬಾಗಿಲು ಎಳೆದುಕೊಂಡಳು.

ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ತೊಟ್ಟಿಲ ಕೋಣೆಯಲ್ಲೇ ಸಭೆ. ಮಾದರಿ ತೊಟ್ಟಿಲ ಪಕ್ಕದಲ್ಲಿ ಸಾಹೇಬರಿಗೂ ಅಮ್ಮಾವ್ರಿಗೂ ಕುರ್ಚಿ, ಅವುಗಳ ಹಿಂದೆ ಒಂದು ಪರದೆ, ಪರದೆಯ ಹಿಂದೆ ಹಗ್ಗಕ್ಕ. ತೊಟ್ಟಿಲುಗಳು ತಾವಾಗಿಯೇ ತೂಗುತ್ತಿರುವಂತೆ ಫೋಟೋದಲ್ಲಿ ಕಾಣಬೇಕೆಂದು ಅಮ್ಮಾವ್ರ ಅಪ್ಪಣೆಯಾಗಿತ್ತು. ಮುಂದೆ ತಂದೆತಾಯಿಯರು ಸಾಲಾಗಿ ಕುಳಿತಿದ್ದರು. ಬಿಲ್ಲು ಹಾಕುವವಳು ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದಳು. ಬರದಿದ್ದರೆ ಮಗನ ಜಾಗ ಹೋಗುತ್ತದೆ ಎಂದು ಅಮ್ಮಾವ್ರು ಪ್ರೀತಿಯಿಂದ ತಿಳಿಸಿದ್ದರು.

"ನಮ್ಮ ಆಯಾ ನಂಗೆ ಮಗಳಿದ್ದ ಹಾಗೆ," ಎಂದು ಅಮ್ಮಾವ್ರು ಮೆಲುದನಿಯಲ್ಲಿ ಭಾಷಣ ತೆಗೆದರು. "ಏರಿದ ಸಂಬಳ ಅವಳ ಕೈಗಿಟ್ಟಾಗ ಅವಳ ಕಣ್ಣಲ್ಲಿ ನೀರು ಬಂತು. ನಂಗೂ ಬಂತು."

ಸಾಹೇಬರು ತಲೆದೂಗಿದರು. ಅಷ್ಟರಲ್ಲಿ ಚಿಕ್ಕ ಕೋಣೆಯೊಳಗೆ ಪುಟ್ಟಿ ಕಿಟಾರನೆ ಕಿರುಚಿದಳು. ಹಗ್ಗಕ್ಕನ ಎದೆ ಹಾಲಿನಿಂದ ಒದ್ದೆಯಾಯಿತು. ಏಳಬೇಕೆಂದರೆ ಎರಡು ಕಾಲಿಗೂ ಕುಣಿಕೆ. ಅಮ್ಮಾವ್ರು ಮುಖದ ನಗು ಕೆಡದಂತೆ ಪರದೆಯ ಕಡೆ ವಾಲಿದರು.

"ತಂದೇಬಿಟ್ಯಾ ಲೌಡಿ? ಅದರ ಬಾಯಿ ಮುಚ್ಚಿಸು. ಇಲ್ಲ, ಇಬ್ಬರೂ ಹೊರಗೆ ತೊಲಗಿ!"

"ಆಯ್ತು ಅಮ್ಮಾವ್ರೇ," ಎಂದು ಹಗ್ಗಕ್ಕ ಗಟ್ಟಿ ದನಿಯಲ್ಲೇ ಹೇಳಿದಳು. ಆ ಕೋಣೆಯಲ್ಲಿ ಅಷ್ಟು ಗಟ್ಟಿಯಾಗಿ ಯಾರೂ ಮಾತಾಡಿದ್ದಿಲ್ಲ.

ಕುಣಿಕೆ ಕಳಚಿ ಎದ್ದಳು. ತೊಟ್ಟಿಲುಗಳು ನಿಧಾನವಾಗಿ ನಿಂತವು. ಮೊದಲು ಒಂದು ಕೂಸು ಮುಲುಗಿತು, ಇನ್ನೊಂದು ರಾಗ ತೆಗೆಯಿತು, ಆಮೇಲೆ ಹದಿಮೂರೂ ಒಟ್ಟಿಗೇ ಬಾಯಿ ಬಿಟ್ಟವು. ಸಾಹೇಬರು ಕಿವಿ ಮುಚ್ಚಿಕೊಂಡರು.

ಹಗ್ಗಕ್ಕ ಪುಟ್ಟಿಯನ್ನು ಎತ್ತಿಕೊಂಡು ಎಲ್ಲರ ಎದುರೇ ಬಂದಳು. ಸೊಳ್ಳೆಬಲೆ ಸರಿಸಿ ಗೊಂಬೆಯನ್ನು ತೆಗೆದು ಸಾಹೇಬರ ತೊಡೆಯ ಮೇಲೆ ಮಲಗಿಸಿದಳು. ಮಾದರಿ ತೊಟ್ಟಿಲಲ್ಲಿ ತನ್ನ ಮಗಳನ್ನು ಹಾಕಿದಳು.

"ತೂಗೇ! ತೂಗೇ ಮುಂಡೇದೆ, ಎಲ್ಲ ಎದ್ದವು!" ಅಮ್ಮಾವ್ರ ಪಿಸುದನಿ ಮರೆತೇ ಹೋಗಿತ್ತು.

"ನಂಗೆ ಏರಿದ್ದೆಲ್ಲ ನಿಮ್ಮ ಹತ್ರಾನೇ ಇದೆಯಲ್ಲ ಅಮ್ಮಾವ್ರೇ. ಊಟಕ್ಕೆ, ಏಪ್ರನ್ನಿಗೆ, ತರಬೇತಿಗೆ ಅಂತ ಹಿಡ್ಕೊಂಡ್ರಲ್ಲ. ಸಂಬಳ ತಗೊಂಡೋರು ತೂಗಿ."

ಅವಳು ಬಗ್ಗಿ ಒಂದು ಕುಣಿಕೆಯನ್ನು ಅಮ್ಮಾವ್ರ ಬಲಗಾಲಿಗೆ ಹಾಕಿ ಬಿಗಿದಳು. ಬಿಲ್ಲು ಹಾಕುವವಳು ಎದ್ದು ನಿಂತಿದ್ದಳು.

"ನಿಂಗೆ ಏನೂ ಬಂದಿಲ್ವಾ?"

"ನಿನ್ನ ಬೈಗುಳ ಬಂತು ಕಣಕ್ಕ."

ಬಿಲ್ಲು ಹಾಕುವವಳು ಬಾತ ಕಾಲನ್ನು ಎಳೆದುಕೊಂಡು ಬಂದು, ಇನ್ನೊಂದು ಕುಣಿಕೆ ಎತ್ತಿ ಅಮ್ಮಾವ್ರ ಎಡಗಾಲಿಗೆ ಹಾಕಿದಳು. "ಹೂಂ, ಆಡಿಸಿ. ಕೂತಲ್ಲೇ ಕಾಲಾಡಿಸೋದು ತಾನೆ?"

ಸನ್ಮಾನಕ್ಕೆಂದು ಕರೆಸಿದ್ದ ಫೋಟೋದವನು ತನ್ನ ಕೆಲಸವನ್ನು ಮಾಡುತ್ತಲೇ ಇದ್ದ. ಎದುರಿಗೆ ಕ್ಯಾಮೆರಾ, ಸುತ್ತ ತಂದೆತಾಯಿಯರು, ಕಿವಿಯಲ್ಲಿ ಅಷ್ಟೂ ಮಕ್ಕಳ ಅಳು. ಅಮ್ಮಾವ್ರು ಹಲ್ಲು ಕಿರಿದು ಕಾಲು ಎಳೆದರು. ತೊಟ್ಟಿಲುಗಳು ಅಲುಗಿದವು, ಅಳು ತಗ್ಗಿತು. ನಿಲ್ಲಿಸಿ ನೋಡಿದರು, ಮತ್ತೆ ಏರಿತು. ಮತ್ತೆ ಎಳೆದರು. ಸಾಹೇಬರು ಏನೂ ತೋಚದೆ ಗೊಂಬೆಯ ಬೆನ್ನು ತಟ್ಟುತ್ತಿದ್ದರು.

ಲೇಸಿನ ಪರದೆಯೊಳಗೆ ಪುಟ್ಟಿ ಬಿಸ್ಕತ್ತಿನ ಚೂರು ಹಿಡಿದುಕೊಂಡೇ ಕಣ್ಣು ಮುಚ್ಚಿದಳು. ಹಗ್ಗಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕಾಲು ಚಾಚಿ ಕುಳಿತಳು. ನಾಳೆ ಕೆಲಸವಿಲ್ಲ, ಅದು ಅವಳಿಗೆ ಗೊತ್ತಿತ್ತು. ಪಾದದ ಮೇಲೆ ಹಗ್ಗ ಕೊರೆದ ಕಪ್ಪು ಬಳೆಗಳಿದ್ದವು. ಸುಸ್ತಾದ ಆ ಎರಡು ಕಾಲುಗಳು ಹಗ್ಗವಿಲ್ಲದೆಯೂ, ಅವಳನ್ನು ಕೇಳದೆಯೇ, ಒಂದಾದ ಮೇಲೊಂದು ಎಳೆಯುತ್ತಲೇ ಇದ್ದವು.